ಅಕ್ಷರ ಬರೆಯುವವರ ಕುರ್ಚಿ

2021ನೇ ಇಸವಿಯ ಜುಲೈ ತಿಂಗಳಲ್ಲಿ ನಾನು ತಿಪಟೂರು ಸೀಮೆಯ ಒಂದು ತೆಂಗು ಬೆಳೆಗಾರರ ಸೊಸೈಟಿಗೆ ಡೇಟಾಬೇಸ್ ಕೆಲಸಗಾರನಾಗಿ ಸೇರಿದೆ. ಸೇರಿದೆ ಎನ್ನುವುದು ಕೊಂಚ ದೊಡ್ಡ ಮಾತು. ಆರು ತಿಂಗಳ ಗುತ್ತಿಗೆ, ಒಂದು ಮೇಜು, ಒಂದು ಕುರ್ಚಿ, ತಲೆಯ ಮೇಲೊಂದು ಫ್ಯಾನು. ಫ್ಯಾನು ತಿರುಗಬೇಕೆಂದು ಕರಾರಿನಲ್ಲಿ ಬರೆದಿರಲಿಲ್ಲ. ಅದಕ್ಕೆ ಮುಂಚೆ ಇಪ್ಪತ್ತಾರು ವರ್ಷ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಸಂಬಳದ ಪಟ್ಟಿ ತಯಾರಿಸಿ, ಯಾರ ಸಂಬಳವನ್ನೂ ಒಂದು ರೂಪಾಯಿ ಹೆಚ್ಚಿಸಲಾರದೆ ನಿವೃತ್ತನಾಗಿ, ಹುಟ್ಟೂರು ಚಿಕ್ಕನಾಯಕನಹಳ್ಳಿಗೆ ಬಂದು ಕೂತಿದ್ದೆ. ಮನೆಯಲ್ಲಿ ಕೂತವನ ಬುದ್ಧಿವಾದವನ್ನು ಮನೆಯವರು ಎಷ್ಟು ದಿನ ತಡೆದಾರು? ಸೊಸೈಟಿಯಿಂದ ಕರೆ ಬಂದಾಗ ನನಗಿಂತ ಅವರಿಗೇ ಹೆಚ್ಚು ಸಂತೋಷವಾಯಿತು.

ಸೊಸೈಟಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅದರದ್ದೇನೂ ತಪ್ಪಿರಲಿಲ್ಲ. ತಪ್ಪು ನನ್ನದು, ಆದಕಾರಣ ನನ್ನ ಹೆಸರನ್ನೂ ಹೇಳುವುದಿಲ್ಲ.

ಅಲ್ಲಿ ನಡೆಯುತ್ತಿದ್ದ ವಹಿವಾಟು ಸರಳ. ಬೆಳೆಗಾರರು ತೆಂಗಿನಕಾಯಿಯನ್ನು ಹೆಚ್ಚು ಕಡಿಮೆ ಒಂದು ವರ್ಷ ಅಟ್ಟದ ಮೇಲೆ ಹಾಕಿ, ಒಳಗಿನ ನೀರು ಬತ್ತಿ ಕೊಬ್ಬರಿ ಗಲಗಲ ಅಲುಗಾಡುವವರೆಗೆ ಕಾದು, ಸುಲಿದು, ಒಡೆದು, ಉಂಡೆ ಕೊಬ್ಬರಿಯನ್ನು ಗೋಣಿಚೀಲದಲ್ಲಿ ತುಂಬಿ ತರುತ್ತಾರೆ. ಎರಡೆರಡು ಚೀಲವನ್ನು ಜೋಡಿಯಾಗಿ ತೂಕದ ಕಟ್ಟೆಗೆ ಏರಿಸುತ್ತಾರೆ. ತೂಗುವವನು ತೂಕವನ್ನು ಗಟ್ಟಿಯಾಗಿ ಕೂಗುತ್ತಾನೆ. ಚೀಲಕ್ಕೊಂದು ಕೆ.ಜಿ.ಯಂತೆ ಗೋಣಿಯ ತೂಕ ಕಳೆದು, ಆ ದಿನದ ಧಾರಣೆಯಿಂದ ಗುಣಿಸಿ, ಒಂದು ಪಾವತಿ ಚೀಟಿ ಬರೆದು, ಅದರ ಪ್ರಕಾರ ಚೆಕ್ಕು ಕೊಡುತ್ತಾರೆ. ಖಾಲಿ ಗೋಣಿಯನ್ನು ಆಮೇಲೆ ವಾಪಸು ಕೊಡುವುದರಿಂದ ಎಲ್ಲರೂ ತಮ್ಮ ಚೀಲದ ಮೇಲೆ ತಮ್ಮ ಗುರುತು ಬರೆದಿರುತ್ತಾರೆ.

ಚೀಟಿಯಲ್ಲಿ ಮೊತ್ತವನ್ನು ಎರಡು ಬಗೆಯಲ್ಲಿ ಬರೆಯುವುದು ಪದ್ಧತಿ: ಒಮ್ಮೆ ಅಂಕೆಯಲ್ಲಿ, ಒಮ್ಮೆ ಅಕ್ಷರದಲ್ಲಿ. ಅಂಕೆಯನ್ನು ತಿದ್ದುವುದು ಸುಲಭ, ಒಂದು ಸೊನ್ನೆ ಅಂಟಿಸಿದರೆ ಮುಗಿಯಿತು. ಅಕ್ಷರವನ್ನು ತಿದ್ದುವುದು ಕಷ್ಟ. ಚೆಕ್ಕಿನ ಮೇಲೆ ಇವೆರಡಕ್ಕೂ ಜಗಳ ಬಿದ್ದರೆ ಕಾನೂನು ಅಕ್ಷರದ ಪಕ್ಷ ವಹಿಸುತ್ತದೆ. ಅಕ್ಷರಸ್ಥರ ದೇಶ ಎಂದ ಮೇಲೆ ಅಷ್ಟೂ ಬೇಡವೇ?

ಸೊಸೈಟಿಯಲ್ಲಿ ಅಂಕೆ ಬರೆಯುವವರು ಲತಾ ಎಂಬ ಗುಮಾಸ್ತೆ. ಅಕ್ಷರ ಬರೆಯುವವರು ನಂಜುಂಡಯ್ಯ. ಇವರದು ಅಲ್ಲಿ ಮೂವತ್ತೊಂದು ವರ್ಷದ ಸರ್ವೀಸು. ಮುಂದಿನ ಮಾರ್ಚ್ ಕೊನೆಗೆ ನಿವೃತ್ತಿ. ಹೆಗಲ ಮೇಲೊಂದು ಟವೆಲು, ಜೇಬಿನಲ್ಲಿ ಎರಡು ಪೆನ್ನು. ಲತಾಗೆ ಬೆನ್ನು ಹಾಕಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಮೊದಲ ದಿನ ನಾನು ಪರಿಚಯ ಮಾಡಿಕೊಂಡು ಕೇಳಿದೆ, "ತಮ್ಮ ಕೆಲಸ ಏನು ನಂಜುಂಡಯ್ಯನವರೇ?"

"ಅಕ್ಷರ ಬರೀತೀನಿ ಸ್ವಾಮಿ."

"ಅಷ್ಟೇನಾ?"

"ಅಷ್ಟೇಯ."

ನಾನು ಮುಂದೆ ಕೇಳಲಿಲ್ಲ. ಅವರೂ ಮುಂದೆ ಹೇಳಲಿಲ್ಲ. ಈ ಕಥೆಯಲ್ಲಿ ಆದ ಅನರ್ಥವೆಲ್ಲ ಆ ಎರಡು ಮೌನಗಳ ನಡುವೆ ಹುಟ್ಟಿದ್ದು.

ಇನ್ನೊಂದು ಪದ್ಧತಿಯನ್ನೂ ನಾನು ಗಮನಿಸಿದ್ದೆ. ಆಗಾಗ ಲತಾ ಬರೆದ ಅಂಕೆಗೂ ನಂಜುಂಡಯ್ಯ ಬರೆದ ಅಕ್ಷರಕ್ಕೂ ವ್ಯತ್ಯಾಸ ಬರುತ್ತಿತ್ತು. ಆಗ ಇಬ್ಬರೂ ಚೀಟಿ ಮುಂದಿಟ್ಟುಕೊಂಡು ಲೆಕ್ಕ ಹಾಕುತ್ತಿದ್ದರು. ಯಾರದು ತಪ್ಪೋ ಅವರು ಆಫೀಸಿಗೆಲ್ಲ ಟೀ ಕೊಡಿಸಬೇಕು. ಇದು ಬರೆಯದ ಕಾಯಿದೆ. ಕಾರ್ಯದರ್ಶಿ ಪರಮೇಶಪ್ಪನವರು ಕೂಡ ಆ ಟೀ ಕುಡಿಯುತ್ತಿದ್ದರು. ನಾನೂ ಎರಡು ಸಲ ಕುಡಿದೆ. ಕುಡಿದು, "ಇದ್ದದ್ದನ್ನು ನೋಡಿ ಬರೆಯುವುದರಲ್ಲೂ ತಪ್ಪುತ್ತಾರಲ್ಲ" ಎಂದು ಮನಸ್ಸಿನಲ್ಲೇ ಮರುಗಿದೆ. ಸಮಿತಿಗೆ ಸಲ್ಲಿಸಿದ ವರದಿಯಲ್ಲಿ ಗಂಭೀರವಾಗಿ ಹೀಗೆ ಬರೆದೆ: "ಒಂದೇ ಮೊತ್ತವನ್ನು ಇಬ್ಬರು ನೌಕರರು ಎರಡು ಸಲ ಬರೆಯುತ್ತಿರುವುದು ಅನವಶ್ಯಕ ಶ್ರಮ. ಅಂಕೆಯನ್ನು ಅಕ್ಷರಕ್ಕೆ ತಿರುಗಿಸುವ ಕೆಲಸವನ್ನು ಡೇಟಾಬೇಸ್ ತಾನೇ ಮಾಡಬಲ್ಲದು."

ಮಾಡಬಲ್ಲದು, ನಿಜ. ಆದರೆ ಮಾಡಿಸುವುದು ನಾನಂದುಕೊಂಡಷ್ಟು ಸಲೀಸಾಗಿರಲಿಲ್ಲ. ಇಂಥ ಕೆಲಸಕ್ಕೆ ಡೇಟಾಬೇಸಿನೊಳಗೆ ಒಂದು ಫಂಕ್ಷನ್ ಬರೆಯಬೇಕು. ಫಂಕ್ಷನ್ ಎಂದರೆ ಹಿಟ್ಟಿನ ಗಿರಣಿ ಇದ್ದ ಹಾಗೆ: ಮೇಲಿನಿಂದ ಸಂಖ್ಯೆ ಸುರಿದರೆ ಕೆಳಗಿನಿಂದ ಪದ ಬರಬೇಕು. ಇಂಟರ್ನೆಟ್ಟಿನಲ್ಲಿ ಸಿದ್ಧ ಗಿರಣಿಗಳು ಬೇಕಾದಷ್ಟಿದ್ದವು. ಒಂದನ್ನು ತಂದು, ಪದಗಳನ್ನು ಮಾತ್ರ ಕನ್ನಡಕ್ಕೆ ಬದಲಾಯಿಸಿ, ಎರಡು ಲಕ್ಷದ ಮೂವತ್ತನಾಲ್ಕು ಸಾವಿರವನ್ನು ಸುರಿದೆ. "ಎರಡು ನೂರ ಮೂವತ್ತನಾಲ್ಕು ಸಾವಿರ" ಎಂದು ಉದುರಿತು. ಆ ಗಿರಣಿ ಮೂರು ಮೂರು ಸೊನ್ನೆಗೆ ನಿಲ್ಲುವ ಪರದೇಶದ್ದು. ಲಕ್ಷವನ್ನೇ ಕಂಡಿರಲಿಲ್ಲ. ಕೊಬ್ಬರಿ ಮಾರಿ ಲಕ್ಷ ಕಂಡವರಿಗೆ ಲಕ್ಷ ಇಲ್ಲದ ಚೀಟಿ ಕೊಡುವುದು ಹೇಗೆ?

ಹಾಗಾಗಿ ನಾನೇ ಬರೆದೆ. ಮೊತ್ತವನ್ನು ಮೊದಲು ಕೋಟಿಯಿಂದ ಭಾಗಿಸಬೇಕು, ಉಳಿದದ್ದನ್ನು ಲಕ್ಷದಿಂದ, ಆಮೇಲೆ ಸಾವಿರದಿಂದ, ನೂರಿನಿಂದ. ಕಟ್ಟಕಡೆಗೆ ತೊಂಬತ್ತೊಂಬತ್ತರ ಒಳಗಿನದ್ದನ್ನು ಒಂದು ಪಟ್ಟಿಯಿಂದ ಹುಡುಕಿ ಜೋಡಿಸಬೇಕು. ಇನ್ನೂರು, ಮುನ್ನೂರು, ಐನೂರು ಇವಕ್ಕೆ ಬೇರೆಯೇ ಇನ್ನೊಂದು ಪಟ್ಟಿ. ಈ ಪಟ್ಟಿಗಳನ್ನು ನನಗೆ ಬರೆಸಿದವರು ಯಾರು? ನಂಜುಂಡಯ್ಯನವರೇ. ಎರಡು ದಿನ ನನ್ನ ಪಕ್ಕ ಕೂತು ಒಂದೊಂದಾಗಿ ಹೇಳಿದರು, ಮೂರನೆಯ ದಿನ ಪರೀಕ್ಷೆ ಮಾಡಿದರು.

"ಒಂದ್ ಲಕ್ಷದ ಐದು ಹಾಕಿ ಸ್ವಾಮಿ."

ಹಾಕಿದೆ. "ಒಂದು ಲಕ್ಷದ ಸೊನ್ನೆ ಸಾವಿರದ ಐದು ರೂಪಾಯಿ ಮಾತ್ರ" ಎಂದು ಬಂತು.

"ಇಲ್ದಿರೋ ಸಾವಿರಾನೂ ಕೂಗಿ ಹೇಳ್ತದಲ್ಲ. ನಮ್ ಅಧ್ಯಕ್ಷರ ಥರ ಐತೆ ಬುಡಿ" ಎಂದರು.

ತಿದ್ದಿದೆ. ಅವರು ಕೊಟ್ಟ ಇನ್ನೂರು ಸಂಖ್ಯೆಗಳಲ್ಲಿ ಹದಿಮೂರು ತಪ್ಪು ಹಿಡಿದರು, ಹದಿಮೂರನ್ನೂ ತಿದ್ದಿದೆ. ಕೊನೆಗೆ ಒಂಬತ್ತು ಕೋಟಿ ಚಿಲ್ಲರೆಯ ಒಂದು ಸಂಖ್ಯೆ ಹಾಕಿದರು. ಸರಿಯಾಗಿ ಬಂತು. ಟವೆಲಿನಿಂದ ಮುಖ ಒರೆಸಿಕೊಂಡು, "ಪಾಸು" ಎಂದರು. ತಮ್ಮ ಕುರ್ಚಿಯನ್ನು ತಾವೇ ಅಳತೆ ಮಾಡಿ ಬಿಟ್ಟುಕೊಟ್ಟವರನ್ನು ನಾನು ನೋಡಿದ್ದು ಅದೇ ಮೊದಲು.

ಸೆಪ್ಟೆಂಬರ್ ಒಂದನೇ ತಾರೀಕು ಹೊಸ ವ್ಯವಸ್ಥೆ ಶುರುವಾಯಿತು. ತೂಕದ ಕಟ್ಟೆಯ ಮೇಲೆ ಎಲೆಕ್ಟ್ರಾನಿಕ್ ಯಂತ್ರ ಕೂತಿತು. ಗುಂಡಿ ಒತ್ತಿದರೆ ತೂಕ ತಂತಿಯ ಮೂಲಕ ನೇರವಾಗಿ ಡೇಟಾಬೇಸಿಗೆ ಬಂದು ಒಂದು ಸಾಲಾಗಿ ಕೂರುತ್ತದೆ. ಸಾಲುಗಳನ್ನು ಕೂಡಿ, ಒಂದು ಸಾಲಿಗೆ ಎರಡು ಚೀಲದಂತೆ ಗೋಣಿ ಕಳೆದು, ಧಾರಣೆಯಿಂದ ಗುಣಿಸಿ, ಅಂಕೆಯನ್ನೂ ಅಕ್ಷರವನ್ನೂ ಒಟ್ಟಿಗೆ ಮುದ್ರಿಸಿ ಕೊಡುತ್ತದೆ. ಚೀಲಗಳ ಸಂಖ್ಯೆಯನ್ನು ಚೀಟಿಯಲ್ಲಿ ಅಚ್ಚು ಹಾಕುವುದು ಕಾಗದದ ದುಂದು ಎಂದು ನಾನೇ ತೆಗೆಸಿದೆ. ಕೊಬ್ಬರಿಯ ಧೂಳು ಕಂಪ್ಯೂಟರಿಗೆ ಆಗದೆಂದು ಕಿಟಕಿಯನ್ನೂ ಮುಚ್ಚಿಸಿದೆ. ಅಕ್ಷರ ಬರೆಯುವವರು ಇನ್ನು ಬೇಡವೆಂದು ಸಮಿತಿ ಠರಾವು ಮಾಡಿ, ನಂಜುಂಡಯ್ಯನವರನ್ನು ತೂಕದ ಕಟ್ಟೆಗೆ ಹಾಕಿತು. ಅವರು ಎರಡೂ ಪೆನ್ನನ್ನು ಲತಾಳ ಮೇಜಿನ ಮೇಲಿಟ್ಟು, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು.

ಮೊದಲ ವಾರ ಯಂತ್ರದ ಗುಂಡಿ ಅಂಟಂಟಾಗಿತ್ತು. ಒಮ್ಮೆ ಒತ್ತಿದರೆ ಕೆಲವು ಸಲ ಒಂದೇ ತೂಕ ಎರಡು ಸಾಲಾಗಿ ಬರುತ್ತಿತ್ತು. ಹೀಗಾದರೆ ಸೊಸೈಟಿ ಇಲ್ಲದ ಕೊಬ್ಬರಿಗೆ ದುಡ್ಡು ಕೊಟ್ಟೀತು. ನಾನು ಡೇಟಾಬೇಸಿಗೆ ಒಂದು ಕಟ್ಟಳೆ ವಿಧಿಸಿದೆ: ಒಂದೇ ಚೀಟಿಯಲ್ಲಿ ಹಿಂದಿನ ಸಾಲಿನಷ್ಟೇ ತೂಕ ಮತ್ತೆ ಬಂದರೆ ಎರಡನೆಯದನ್ನು ಬಿಟ್ಟುಬಿಡು. ಬಿಟ್ಟದ್ದನ್ನು ಕಸದ ಬುಟ್ಟಿಯಂಥ ಬೇರೊಂದು ಪಟ್ಟಿಗೆ ಹಾಕು. ಗೋಣಿಚೀಲ ತುಂಬುವುದು ಎಂದರೆ ಬಾಚಿ ಸುರಿಯುವುದು. ಒಂದು ಜೋಡಿ ಎಂಬತ್ತು ಕೆ.ಜಿ., ಇನ್ನೊಂದು ಎಂಬತ್ತೇಳು. ಎರಡು ಜೋಡಿ ಒಂದರ ಹಿಂದೊಂದು ಅಷ್ಟಕ್ಕಷ್ಟೇ ತೂಗುವುದುಂಟೇ? ಗುಂಡಿಯನ್ನು ಆಮೇಲೆ ರಿಪೇರಿ ಮಾಡಿಸಿದೆವು. ಕಟ್ಟಳೆ ಹಾಗೆಯೇ ಉಳಿಯಿತು. ನಾನು ಅದನ್ನು ಮರೆತೆ.

ಮೂರು ತಿಂಗಳು ಎಲ್ಲ ಸುಸೂತ್ರ. ಅಂಕೆಗೂ ಅಕ್ಷರಕ್ಕೂ ಒಂದು ದಿನವೂ ಜಗಳವಿಲ್ಲ. ಆಫೀಸಿನಲ್ಲಿ ಟೀ ನಿಂತುಹೋಗಿತ್ತು. ಅದನ್ನು ನಾನು ನನ್ನ ಸಾಧನೆಯ ಪಟ್ಟಿಯಲ್ಲಿ ಸೇರಿಸಿಕೊಂಡಿದ್ದೆ.

ಡಿಸೆಂಬರ್ ಮೊದಲ ವಾರದ ಒಂದು ಗುರುವಾರ ಬೆಳಿಗ್ಗೆ ಹತ್ತೂವರೆಗೆ ದಂಡಿನಶಿವರದ ಗೌರಮ್ಮ ಎಂಬ ಬೆಳೆಗಾರ್ತಿ ಬಂದರು. ಐವತ್ತರ ಮೇಲಿನ ವಯಸ್ಸು, ಒಂದೂವರೆ ಎಕರೆ ತೋಟವನ್ನು ಸ್ವಂತ ನಿಗಾದಲ್ಲಿ ನಡೆಸುವವರು. ಹಿಂದಿನ ದಿನವಷ್ಟೇ ಕೊಬ್ಬರಿ ಹಾಕಿ ಹೋಗಿದ್ದರು. ಚೀಟಿಯನ್ನು ನನ್ನ ಮೇಜಿನ ಮೇಲೆ ಹರವಿ, ಅದರ ಮೇಲೆ ಬೆರಳಿಟ್ಟು ಹೇಳಿದರು:

"ಸ್ವಾಮಿ, ಇದ್ರಲ್ಲಿ ನನ್ದು ಒಂದು ಜೋಡಿ ಚೀಲ ಕಾಣೆ."

ಚೀಟಿಯಲ್ಲಿ ನಿವ್ವಳ ತೂಕ 492.8 ಕೆ.ಜಿ., ಧಾರಣೆ ಕ್ವಿಂಟಾಲಿಗೆ 16,000, ಮೊತ್ತ 78,848 ಎಂದಿತ್ತು. ಅಕ್ಷರದಲ್ಲಿ "ಎಪ್ಪತ್ತೆಂಟು ಸಾವಿರದ ಎಂಟುನೂರ ನಲವತ್ತೆಂಟು ರೂಪಾಯಿ ಮಾತ್ರ." ಒಂದು ಕಾಗುಣಿತ ತಪ್ಪಿಲ್ಲ.

"ಎಷ್ಟು ಬರಬೇಕಿತ್ತಮ್ಮ?"

"ನಾನು ಮನೇಲೇ ತೂಗಿ ತುಂಬೋಳು. ತೊಲೆಗೆ ತಕ್ಕಡಿ ನೇತಾಕಿದೀನಿ. ಚೀಲ ಸಮೇತ ನಲವತ್ತೆರಡು ಕೇಜಿ, ಒಂದೊಂದೂವೆ. ಹೆಚ್ಚಾದ್ರೆ ಒಂದು ಕೊಬ್ರಿ ತೆಗೀತೀನಿ, ಕಮ್ಮಿಯಾದ್ರೆ ಚಿಕ್ಕದೊಂದು ಹಾಕ್ತೀನಿ. ಹದ್ನಾಲ್ಕು ಚೀಲ ತಂದಿದ್ದೆ. ತೊಂಬತ್ತೆರಡು ಸಾವಿರದ ಹತ್ರ ಬರ್ಬೇಕು."

ನಾನು ನ್ಯಾಯಾಧೀಶನಂತೆ ಕನ್ನಡಕ ಸರಿಮಾಡಿಕೊಂಡೆ. "ನೋಡಿ ಅಮ್ಮಾ, ಅಂಕೆ ಎಪ್ಪತ್ತೆಂಟು ಸಾವಿರದ ಚಿಲ್ಲರೆ. ಅಕ್ಷರವೂ ಅಷ್ಟೇ. ಎರಡೂ ತಾಳೆಯಾಗಿವೆ."

"ಅವೆರಡೂ ತಾಳೆ ಆಗ್ಲಿ ಬುಡಿ, ಬ್ಯಾಡ ಅಂದೋರ್ಯಾರು? ನನ್ ಚೀಲಕ್ಕೆ ತಾಳೆ ಆಗ್ಬೇಕಲ್ಲ ಸ್ವಾಮಿ?"

ಈ ಪ್ರಶ್ನೆಗೆ ನನ್ನ ಬಳಿ ಫಂಕ್ಷನ್ ಇರಲಿಲ್ಲ. ಅವರನ್ನು ಕಾರ್ಯದರ್ಶಿಗಳ ಕೋಣೆಗೆ ಕರೆದುಕೊಂಡು ಹೋದೆ. ಪರಮೇಶಪ್ಪನವರು ಒಳ್ಳೆಯ ಮನುಷ್ಯ, ಆದರೆ ಕಾಗದದಲ್ಲಿ ಇರುವುದನ್ನು ಕಣ್ಣಿಗಿಂತ ಹೆಚ್ಚು ನಂಬುವವರು. ನನ್ನ ಕಂಪ್ಯೂಟರಿನಲ್ಲಿ ಆ ಚೀಟಿಗೆ ಎಷ್ಟು ತೂಕದ ಸಾಲು ಇವೆ ಎಂದು ಕೇಳಿದರು. ನೋಡಿ ಹೇಳಿದೆ: ಆರು. ಹದಿನಾಲ್ಕು ಚೀಲಕ್ಕೆ ಏಳು ಇರಬೇಕು. ನಂಜುಂಡಯ್ಯನವರನ್ನು ಕಟ್ಟೆಯಿಂದ ಕರೆಸಿದರು.

"ನಂಜುಂಡಯ್ಯ, ನಿನ್ನೆ ಈಯಮ್ಮಂದು ಎಷ್ಟು ಜೋಡಿ ತೂಗಿದ್ರಿ?"

"ಏಳು. ಏಳು ಸರ್ತಿ ಒತ್ತಿದೀನಿ, ಏಳು ಸರ್ತಿ ಕೂಗಿದೀನಿ."

"ಕಂಪ್ಯೂಟರಿಗೆ ಆರೇ ಬಂದೈತಲ್ಲ?"

ನಂಜುಂಡಯ್ಯ ನನ್ನ ಮುಖ ನೋಡಿದರು. ನಾನು ಏನು ಹೇಳಬೇಕಿತ್ತು? ಕಂಪ್ಯೂಟರ್ ಹೇಳಿದ್ದನ್ನೇ ಹೇಳಿದೆ. "ಆರೇ ಬಂದಿದೆ ಸಾರ್. ಯಂತ್ರ ಎಣಿಸುವುದರಲ್ಲಿ ತಪ್ಪುವುದಿಲ್ಲ."

ಆ ಮಾತಿನ ಅರ್ಥವೇನೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಗಿತ್ತು. ಏಳು ಜೋಡಿ ಗೋದಾಮಿಗೆ ಹೋಗಿ ಆರಕ್ಕೆ ಮಾತ್ರ ಗುಂಡಿ ಒತ್ತಿದರೆ ಒಂದು ಜೋಡಿ ಯಾರ ಲೆಕ್ಕಕ್ಕೂ ಸೇರದ ಮಾಲಾಗಿ ಉಳಿಯುತ್ತದೆ. ಅದನ್ನು ಆಮೇಲೆ ಹೊರಗೆ ಸಾಗಿಸಿದರೆ ಕೇಳುವವರಿಲ್ಲ. ಪರಮೇಶಪ್ಪನವರು ಪೆನ್ನಿನ ಮುಚ್ಚಳ ಹಾಕುತ್ತಾ, "ಶನಿವಾರ ಸಮಿತಿ ಐತೆ. ಮುಂದೆ ಇಡ್ಲೇಬೇಕು, ನಂಜುಂಡಯ್ಯ. ವಿಚಾರಣೆ ಮುಗಿಯೋಗಂಟ ನಿಮ್ ನಿವೃತ್ತಿ ಕಾಗ್ದ ಮುಂದಕ್ಕೆ ಹೋಗಲ್ಲ" ಎಂದರು.

ಗೌರಮ್ಮನವರು, "ನಾನು ನಂಜುಂಡಣ್ಣನ ಮೇಲೆ ಹೇಳ್ಲಿಲ್ಲ ಕಣ್ರೀ! ಚೀಟಿ ಮೇಲೆ ಹೇಳಿದ್ದು" ಎಂದರು. ಆದರೆ ಆ ಹೊತ್ತಿಗೆ ಚೀಟಿಯ ಮೇಲೆ ದೂರು ಹೇಳುವುದೆಂದರೆ ನಂಜುಂಡಯ್ಯನ ಮೇಲೆ ಹೇಳಿದ ಹಾಗೇ ಆಗಿತ್ತು. ಚೀಟಿ ನಿರಪರಾಧಿ ಎಂದು ನಾನಾಗಲೇ ತೀರ್ಪು ಕೊಟ್ಟಿದ್ದೆನಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ನಂಜುಂಡಯ್ಯ ಹೊಂಗೆಮರದ ಕೆಳಗೆ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ನನಗೆ ಅವರ ಎದುರು ಹಾದುಹೋಗುವುದು ಕಷ್ಟವಾಯಿತು. ಅವರೇ ಕರೆದರು.

"ಕೂತ್ಕಳಿ ಸ್ವಾಮಿ. ಒಂದು ಕೇಳ್ತೀನಿ. ನಿಮ್ ಮೆಷಿನ್ನಲ್ಲಿ ಅಕ್ಷರ ಎಲ್ಲಿಂದ ಬತ್ತದೆ?"

"ಅಂಕೆಯಿಂದ. ನೀವೇ ಪಟ್ಟಿ ಬರೆಸಿದ್ರಲ್ಲ. ನೀವೂ ಅಂಕೆ ನೋಡಿಯೇ ತಾನೇ ಬರೆಯುತ್ತಿದ್ದದ್ದು?"

ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. "ನಾನು ಅಂಕೆ ನೋಡ್ತಿರ್ಲಿಲ್ಲ."

"ಮತ್ತೆ?"

"ಲತಮ್ಮಂಗೆ ಬೆನ್ ಹಾಕ್ಕೊಂಡು ಕೂತವ್ನು ಹೆಂಗ್ ನೋಡ್ಲಿ? ಕಿಟಕಿ ಹತ್ರ ಯಾಕ್ ಕೂತಿದ್ದೆ ಅಂದ್ಕೊಂಡ್ರಿ?"

"ಗಾಳಿಗೆ."

ಅಂಥ ದಿನದಲ್ಲೂ ಅವರಿಗೆ ನಗು ಬಂತು. "ಗಾಳಿಗಂತೆ! ಕಟ್ಟೆ ಮೇಲಿನ ಕೂಗು ಕೇಳ್ಸೋಕೆ ಸ್ವಾಮಿ. ಅವ್ರು ಕೂಗಿದ್ದನ್ನ ಲತಮ್ಮ ಒಂದು ಕಡೆ ಬರ್ಕೊಳ್ಳೋಳು, ನಾನೊಂದು ಕಡೆ ಬರ್ಕೊಳ್ಳೋನು. ಅವ್ಳ ಲೆಕ್ಕ ಅವ್ಳಿಗೆ, ನನ್ ಲೆಕ್ಕ ನಂಗೆ. ಅವ್ಳು ಅಂಕೇಲಿ ಬರೆಯೋಳು, ನಾನು ಅಕ್ಷರದಲ್ಲಿ ಬರೆಯೋನು. ಆಮೇಲೆ ಎರಡನ್ನೂ ಎದ್ರುಬದ್ರು ಇಡೋದು. ಹಿಂದಿನ ಕಾರ್ಯದರ್ಶಿ ಹಾಕಿದ್ ಪದ್ಧತಿ. ಅಂಕೆ ಬರೆಯೋ ಕೈ ಬ್ಯಾರೆ, ಅಕ್ಷರ ಬರೆಯೋ ಕೈ ಬ್ಯಾರೆ."

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಅಕ್ಷರ ಹೆಂಗ್ ಬರೀಬೇಕು ಅಂತ ಕೇಳಿದ್ರಿ, ಹೇಳ್ಕೊಟ್ಟೆ. ಯಾಕ್ ಬರೀಬೇಕು ಅಂತ ಕೇಳ್ಲಿಲ್ಲ. ಓದಿದೋರು, ತಿಳ್ದಿರ್ತದೆ ಅಂದ್ಕೊಂಡೆ."

ಇಪ್ಪತ್ತಾರು ವರ್ಷದ ನನ್ನ ಅನುಭವಕ್ಕೆ ಇಷ್ಟು ಮೆತ್ತಗೆ, ಇಷ್ಟು ಜೋರಾಗಿ ಯಾರೂ ಹೊಡೆದಿರಲಿಲ್ಲ. ನಾನು ಎರಡು ಸಾಕ್ಷಿಗಳಿದ್ದ ಮೊಕದ್ದಮೆಯಲ್ಲಿ ಒಬ್ಬ ಸಾಕ್ಷಿಯನ್ನು ಓಡಿಸಿ, ಆ ಜಾಗದಲ್ಲಿ ಒಂದು ಗಿಣಿಯನ್ನು ಕೂರಿಸಿದ್ದೆ. ಮೊದಲನೆಯವನು ಏನು ಹೇಳಿದರೂ ಗಿಣಿ ಅದನ್ನೇ ಹೇಳುತ್ತಿತ್ತು, ಅದೂ ಶುದ್ಧ ಕನ್ನಡದಲ್ಲಿ. ಅದನ್ನು ತೋರಿಸಿ ನಾನು "ತಾಳೆಯಾಗಿದೆ" ಎನ್ನುತ್ತಿದ್ದೆ. ಆದರೂ ಏಳು ಸಲ ಒತ್ತಿದ್ದು ಆರಾದದ್ದು ಹೇಗೆ ಎಂಬುದು ನನಗಿನ್ನೂ ಹೊಳೆದಿರಲಿಲ್ಲ.

ದಾರಿ ತೋರಿಸಿದವರು ಗೌರಮ್ಮ. ಅವರು ಊರಿಗೆ ಹೋಗಿರಲಿಲ್ಲ. ಕಾರ್ಯದರ್ಶಿಗಳ ಬಾಗಿಲಲ್ಲೇ ಕೂತಿದ್ದು, ಊಟ ಮುಗಿಸಿ ಬಂದ ಪರಮೇಶಪ್ಪನವರನ್ನು ಹಿಡಿದುಕೊಂಡರು. "ನನ್ ಚೀಲದ ಮೇಲೆ ನೀಲಿ ಬಣ್ಣದಾಗೆ ದ.ಗೌ. ಅಂತ ಬರ್ದಿದೀನಿ. ಗೋದಾಮಿನಲ್ಲಿ ಹುಡುಕ್ಸಿ. ಹನ್ನೆರಡು ಇದ್ರೆ ನಾನೇ ಸುಳ್ಳಿ. ಹದ್ನಾಲ್ಕು ಇದ್ರೆ ಎಲ್ಲಾರ್ ಎದುರ್ಗೇ ಮತ್ತೆ ತೂಗಿ. ಹಮಾಲಿ ನಾನೇ ಕೊಡ್ತೀನಿ."

ಹಿಂದಿನ ದಿನದ ಮಾಲು ಅಟ್ಟಿಯ ಮೇಲ್ಭಾಗದಲ್ಲೇ ಇದ್ದುದರಿಂದ ಹಮಾಲರಿಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ದ.ಗೌ. ಗುರುತಿನ ಚೀಲಗಳು ಹದಿನಾಲ್ಕು. ಪರಮೇಶಪ್ಪನವರು ಎರಡು ಸಲ ಎಣಿಸಿದರು. ಮೂರನೆಯ ಸಲ ಎಣಿಸಲು ಹೋಗಿ ಗೌರಮ್ಮನವರ ಮುಖ ನೋಡಿ ಬಿಟ್ಟರು.

ತೂಕ ಶುರುವಾಯಿತು. ನಂಜುಂಡಯ್ಯ ಕಟ್ಟೆಯ ಮೇಲೆ, ನಾನು ಬಾಗಿಲ ಬಳಿ ಕಂಪ್ಯೂಟರಿನ ಪರದೆಯನ್ನು ಹೊರಕ್ಕೆ ತಿರುಗಿಸಿಕೊಂಡು. ಸುತ್ತ ಲತಾ, ಕಾರ್ಯದರ್ಶಿ, ಹಮಾಲರು, ತಮ್ಮ ಮಾಲು ತಂದಿದ್ದ ನಾಲ್ಕೈದು ಬೆಳೆಗಾರರು.

"ಎಂಬತ್ನಾಕು!" ಎಂದು ಕೂಗಿ ಗುಂಡಿ ಒತ್ತಿದರು. ಪರದೆಯ ಮೇಲೆ ಒಂದು ಸಾಲು ಬಂತು.

"ಎಂಬತ್ನಾಕು ನಾನೂರು!" ಎಂಬತ್ತನಾಲ್ಕು ಕೆ.ಜಿ. ನಾನೂರು ಗ್ರಾಂ, ಎರಡನೆಯ ಸಾಲು.

"ಎಂಬತ್ನಾಕು ಇನ್ನೂರು!" ಮೂರನೆಯದು.

ನಾಲ್ಕನೆಯ ಜೋಡಿ ಕಟ್ಟೆಗೆ ಏರಿತು. ಯಂತ್ರದ ಕೆಂಪು ಅಂಕೆ ಅತ್ತಿತ್ತ ಓಲಾಡಿ ನಿಂತಿತು. "ಎಂಬತ್ನಾಕು ಇನ್ನೂರು!"

ಪರದೆಯ ಮೇಲೆ ಮೂರೇ ಸಾಲು.

"ಒತ್ತಿದ್ರಾ?" ಎಂದೆ.

"ಒತ್ತಿದೆ."

"ಇನ್ನೊಮ್ಮೆ ಒತ್ತಿ."

ಒತ್ತಿದರು. ಎಲ್ಲರೂ ನೋಡುತ್ತಿದ್ದರು. ಮೂರೇ. ಆ ಕ್ಷಣಕ್ಕೆ ಸೆಪ್ಟೆಂಬರ್ ಮೊದಲ ವಾರದ ಅಂಟು ಗುಂಡಿ, ನನ್ನ ಕಟ್ಟಳೆ, ನನ್ನ ಕಸದ ಬುಟ್ಟಿ ಎಲ್ಲವೂ ಒಟ್ಟಿಗೆ ನೆನಪಾದವು. ಹಿಂದಿನ ಸಾಲಿನಷ್ಟೇ ತೂಕ ಮತ್ತೆ ಬಂದರೆ ಬಿಟ್ಟುಬಿಡು. ಬಿಟ್ಟಿತ್ತು. ಚೀಲವನ್ನು ಬಾಚಿ ಸುರಿದವರ ಮಾಲೆಲ್ಲ ಸರಿಯಾಗಿ ಜಮೆಯಾಗುತ್ತಿತ್ತು. ಒಂದೊಂದು ಕೊಬ್ಬರಿ ತೆಗೆದು, ಹಾಕಿ, ಸಮವಾಗಿ ತುಂಬಿ ತಂದವರನ್ನು ಮಾತ್ರ ನನ್ನ ಡೇಟಾಬೇಸ್ ನಕಲು ಎಂದು ತಿರಸ್ಕರಿಸಿತ್ತು. ಅಚ್ಚುಕಟ್ಟುತನಕ್ಕೆ ದಂಡ ಹಾಕುವ ಯಂತ್ರವನ್ನು ಕಂಡುಹಿಡಿದ ಕೀರ್ತಿ ನನ್ನದು.

ಪರದೆಯ ಮುಂದಿನಿಂದ ಎದ್ದು ನಿಂತೆ. "ನಂಜುಂಡಯ್ಯನವರು ಏಳು ಸಲವೂ ಒತ್ತಿದ್ದಾರೆ ಸಾರ್. ತಪ್ಪು ನನ್ನದು. ಒಂದೇ ತೂಕ ಸಾಲಾಗಿ ಎರಡು ಸಲ ಬಂದರೆ ಒಂದನ್ನು ಬಿಡಲು ನಾನೇ ಹೇಳಿದ್ದೆ."

ಪರಮೇಶಪ್ಪನವರು ನನ್ನನ್ನೂ ಯಂತ್ರವನ್ನೂ ಗೌರಮ್ಮನವರನ್ನೂ ನೋಡಿದರು. ಆಮೇಲೆ ನಂಜುಂಡಯ್ಯನವರ ಕಡೆ ತಿರುಗಿ, "ಶನಿವಾರದ ಪಟ್ಟಿಯಿಂದ ನಿಮ್ ವಿಷ್ಯ ತೆಗ್ದೆ ಕಣ್ರೀ" ಎಂದರು. ಸ್ವಲ್ಪ ತಡೆದು, "ಮನಸ್ಸಿಗೆ ತಗೋಬ್ಯಾಡಿ" ಎಂದೂ ಸೇರಿಸಿದರು. ಅವರ ಬಾಯಿಂದ ಕಾಗದದಲ್ಲಿಲ್ಲದ ಮಾತು ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಉಳಿದ ಮೂರು ಜೋಡಿಯನ್ನೂ ತೂಗಿ ಮುಗಿಸಿದೆವು. ಈ ಸಲ ಲೆಕ್ಕ ಕಾಗದದ ಮೇಲೆ. ಒಟ್ಟು 589 ಕೆ.ಜಿ.; ಗೋಣಿ 14 ಕಳೆದರೆ 575; ಮೊತ್ತ ಸರಿಯಾಗಿ ತೊಂಬತ್ತೆರಡು ಸಾವಿರ. ಹಿಂದಿನ ದಿನದ ಚೀಟಿಗೆ 13,152 ರೂಪಾಯಿ ಖೋತಾ.

ತಪ್ಪು ಮಾಡಿದವನಿಗೆ ತಕ್ಷಣ ಒಂದು ಪರಿಹಾರ ಹೊಳೆಯುವುದು ಸಹಜ. ನಾನು ಗೌರಮ್ಮನವರಿಗೆ ಹೇಳಿದೆ, "ಇದನ್ನು ಸರಿಮಾಡಲು ನಾಲ್ಕು ದಿನ ಬೇಕು ಅಮ್ಮಾ. ಅಷ್ಟರಲ್ಲಿ ಇನ್ನೊಂದಿಷ್ಟು ಮಾಲು ತರುವುದಿದ್ದರೆ, ಒಂದು ಚೀಲಕ್ಕೆ ಎರಡು ಕೊಬ್ಬರಿ ಹೆಚ್ಚು ಕಮ್ಮಿ ತುಂಬಿಬಿಡಿ."

ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡರು. "ನಿಮ್ ಕಂಪ್ಯೂಟ್ರಿಗೋಸ್ಕರ ನಾನು ಅಡ್ಡಾದಿಡ್ಡಿ ತುಂಬ್ಬೇಕಾ? ಮೂವತ್ತು ವರ್ಸದಿಂದ ಸಮ ತುಂಬ್ತಿರೋಳು ನಾನು. ಅದ್ಕೆ ಹೇಳ್ಕೊಡಿ ಸ್ವಾಮಿ, ನಂಗೆ ಹೇಳ್ಕೊಡ್ಬ್ಯಾಡಿ."

ಹಮಾಲರು ಚೀಲದ ಮೇಲೆ ಬಿದ್ದು ನಕ್ಕರು. ನಂಜುಂಡಯ್ಯ ನಗಲಿಲ್ಲ. ಟವೆಲಿನಿಂದ ಕೈ ಒರೆಸಿಕೊಂಡು, ಪರಮ ಗಾಂಭೀರ್ಯದಿಂದ, "ಟೀ" ಎಂದರು.

ಹೌದಲ್ಲ. ಬರೆಯದ ಕಾಯಿದೆ. ಎದುರಿನ ಅಂಗಡಿಯಿಂದ ಹದಿನಾಲ್ಕು ಟೀ ತರಿಸಿದೆ, ಚೀಲಕ್ಕೊಂದರಂತೆ. ನಂಜುಂಡಯ್ಯ ಒಂದು ಗುಟುಕು ಕುಡಿದು, "ಮೂರ್ ತಿಂಗ್ಳಿಂದ ಬಾಯಿ ಒಣಗಿತ್ತು" ಎಂದರು.

ಮಾರನೆಯ ದಿನ ಕಸದ ಬುಟ್ಟಿಯ ಪಟ್ಟಿಯನ್ನು ತೆಗೆದು ಕೂತೆ. ಮೂರು ತಿಂಗಳಲ್ಲಿ ಹತ್ತೊಂಬತ್ತು ತೂಕಗಳು ಅಲ್ಲಿ ಬಿದ್ದಿದ್ದವು. ಗೇಟಿನ ಕಾವಲುಗಾರ ಬಂದ ಚೀಲಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಅದನ್ನೂ ನಿಲ್ಲಿಸಬೇಕೆಂದು ಶಿಫಾರಸು ಮಾಡಿದ್ದೆ, ದೇವರು ದೊಡ್ಡವನು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ತಾಳೆ ನೋಡಿದಾಗ ಎಂಟು ಅಂಟು ಗುಂಡಿಯ ನಿಜವಾದ ನಕಲುಗಳು, ಹನ್ನೊಂದು ನಿಜವಾದ ಕೊಬ್ಬರಿ. ಗೌರಮ್ಮನವರದು ಸೇರಿ ಹನ್ನೊಂದು ಜನ. ಕೆಂಕೆರೆಯ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಅದರಲ್ಲಿದ್ದರು. ಅವರು ಅಳತೆಪಟ್ಟಿ ಹಿಡಿದು ಚೀಲದ ಬಾಯಿ ಹೊಲಿಯುವವರಂತೆ. ಎಲ್ಲರಿಗೂ ಪತ್ರ ಬರೆದು ಹದಿನೈದು ದಿನದೊಳಗೆ ಬಾಕಿ ಕೊಟ್ಟೆವು. ಮೇಷ್ಟ್ರು ಚೆಕ್ಕು ಪಡೆದು, ನನ್ನ ಪತ್ರದಲ್ಲಿ ಎರಡು ಕಡೆ ಅಂಚು ಸರಿಯಿಲ್ಲವೆಂದು ಹೇಳಿ ಹೋದರು.

ರಿಪೇರಿ ಎರಡು ಬಗೆಯದಾಗಿತ್ತು. ಮೊದಲನೆಯದು ನನ್ನ ಕಸುಬಿಗೆ ಸೇರಿದ್ದು. ತೂಕವನ್ನು ನೋಡಿ ನಕಲೆನ್ನುವುದನ್ನು ಬಿಟ್ಟು, ಪ್ರತಿ ತೂಕಕ್ಕೂ ಯಂತ್ರವೇ ಒಂದು ಕ್ರಮಸಂಖ್ಯೆ ಕೊಡುವಂತೆ ಮಾಡಿದೆ. ಚೀಲ ಇಳಿಸಿ ಮತ್ತೆ ಹೇರಿದರೆ ಮಾತ್ರ ಸಂಖ್ಯೆ ಮುಂದಕ್ಕೆ ಹೋಗುತ್ತದೆ. ಒಂದೇ ಸಂಖ್ಯೆ ಎರಡು ಸಲ ಬಂದರೆ ನಕಲು. ಒಂದೇ ತೂಕ ನೂರು ಸಲ ಬಂದರೂ ಅದು ಗೌರಮ್ಮ. ಚೀಲಗಳ ಸಂಖ್ಯೆಯನ್ನೂ ಚೀಟಿಗೆ ವಾಪಸು ತಂದೆ. ಎರಡನೆಯದು ನಂಜುಂಡಯ್ಯನವರ ಕಸುಬಿಗೆ ಸೇರಿದ್ದು. ಅಕ್ಷರದ ಫಂಕ್ಷನ್ನಿಗೆ ಯಂತ್ರದ ಮೊತ್ತ ಸುರಿಯುವುದನ್ನು ನಿಲ್ಲಿಸಿದೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಒಬ್ಬರು ಕೂತು, ಕೂಗು ಕೇಳಿ, ತಮ್ಮದೇ ಲೆಕ್ಕ ಹಾಕಿ, ಬಂದ ಮೊತ್ತವನ್ನು ತುಂಬುತ್ತಾರೆ. ಯಂತ್ರದ ಮೊತ್ತ ಅವರಿಗೆ ಕಾಣುವುದಿಲ್ಲ. ಅಂಕೆ ಯಂತ್ರದ್ದು, ಅಕ್ಷರ ಅವರ ಮೊತ್ತದ್ದು. ಎರಡೂ ಒಂದೇ ಆದರೆ ಚೀಟಿ ಅಚ್ಚಾಗುತ್ತದೆ. ಇಲ್ಲದಿದ್ದರೆ ಟೀ.

ನಂಜುಂಡಯ್ಯ ಅದೇ ಕುರ್ಚಿಗೆ ವಾಪಸು ಬಂದರು. ಲತಾ ಎರಡೂ ಪೆನ್ನನ್ನು ಜೋಪಾನವಾಗಿ ಇಟ್ಟಿದ್ದಳು. ಬಂದ ದಿನ ಅವರು ಹಾಕಿದ ಮೊದಲ ಲೆಕ್ಕ ಗೌರಮ್ಮನವರ ಬಾಕಿಯದು. ಹಳೆಯ ತೂಕಗಳನ್ನು ಒಬ್ಬ ಹಮಾಲ ಕಿಟಕಿಯ ಹೊರಗೆ ನಿಂತು ಕೂಗಿದ, ಇವರು ಒಳಗೆ ಗುಣಿಸಿ, ಆಗಲೇ ಕೊಟ್ಟಿದ್ದ ಮೊತ್ತವನ್ನು ಕಳೆದರು. 13,152. ಯಂತ್ರದ್ದೂ ಅಷ್ಟೇ. ಚೀಟಿ ಹೊರಬಂತು: ಹದಿಮೂರು ಸಾವಿರದ ಒಂದುನೂರ ಐವತ್ತೆರಡು ರೂಪಾಯಿ ಮಾತ್ರ. ಗೌರಮ್ಮನವರು ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಈಗ ತಾಳೆ ಆಯ್ತು. ಬತ್ತೀನಿ ನಂಜುಂಡಣ್ಣ" ಎಂದು ಎದ್ದರು. ನನ್ನ ಕಡೆಗೂ ತಿರುಗಿ ತಲೆಯಾಡಿಸಿದರು. ಕಂಪ್ಯೂಟರ್ ಪಾಸಾಗದಿದ್ದರೂ ನಾನು ಜಸ್ಟ್ ಪಾಸಾದೆನೆಂದು ಅಂದುಕೊಂಡೆ.

ನಂಜುಂಡಯ್ಯ ಮಾರ್ಚ್ ಕೊನೆಗೆ ನಿವೃತ್ತರಾದರು. ಕಾಗದಪತ್ರ ಒಂದು ದಿನವೂ ತಡವಾಗಲಿಲ್ಲ. ಕುರ್ಚಿಗೆ ಯಾರು ಎಂದು ಸಮಿತಿ ಕೇಳಿದಾಗ, "ಲತಮ್ಮ ಕೂತ್ಕೊಳ್ಲಿ. ಅವ್ಳು ನನ್ ತಪ್ಪು ನೂರು ಹಿಡಿದವ್ಳೆ" ಎಂದು ಅವರೇ ಹೇಳಿಹೋದರು. ಈಗ ಲತಾ ಅಲ್ಲಿ ಕೂರುತ್ತಾಳೆ. ವಾರಕ್ಕೊಂದು ಸಲವಾದರೂ ಟೀ ಆಗುತ್ತದೆಂದು ಕೇಳಿದ್ದೇನೆ.

ಈ ಕಸುಬು ನನಗೆ ಕಲಿಸಿದ್ದು ಇಷ್ಟೇ. ಯಾರಾದರೂ ಒಂದೇ ಕೆಲಸವನ್ನು ಎರಡು ಸಲ ಮಾಡುತ್ತಿರುವುದು ಕಂಡರೆ, ಒಂದು ಸಲದ ಶ್ರಮವನ್ನು ಹೇಗೆ ಉಳಿಸಲಿ ಎನ್ನುವ ಮುಂಚೆ, ಅವರು ಯಾಕೆ ಹಾಗೆ ಮಾಡುತ್ತಾರೆ ಎಂದು ಅವರನ್ನೇ ಕೇಳಬೇಕು. ಕೇಳಿದ ಮೇಲೆ "ಅಷ್ಟೇನಾ?" ಎನ್ನಬಾರದು. ಎದುರಿಗಿರುವವರು ವಿನಯದಿಂದ "ಅಷ್ಟೇಯ" ಎಂದುಬಿಡುತ್ತಾರೆ.

ನನ್ನ ಫಂಕ್ಷನ್ ಆ ಸೊಸೈಟಿಯಲ್ಲಿ ಇವತ್ತಿಗೂ ಓಡುತ್ತಿದೆ. ಒಂದು ರೂಪಾಯಿಯಿಂದ ಒಂಬತ್ತು ಕೋಟಿಯವರೆಗೆ ತಪ್ಪಿಲ್ಲದೆ ಅಕ್ಷರ ಬರೆಯುತ್ತದೆ. ಮುಂದೆ ಅದನ್ನು ತಿದ್ದಲು ಬರುವವರಿಗೆಂದು ಮೇಲ್ಗಡೆ ಒಂದು ಸಾಲಿನ ಟಿಪ್ಪಣಿ ಬರೆದಿಟ್ಟು ಬಂದಿದ್ದೇನೆ: "ಕಿಟಕಿ ಮುಚ್ಚಬೇಡಿ."